ಬಸ್ಸಿನ ಮೇಲಿದ್ದ ಸೈಕಲ್

ಇಂದಿನ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ರೇಣುಕಾಪ್ರಸಾದ್ ಅವರೇ, ಬೆಳಗಿನಿಂದ ಓಡಾಡಿ ದಣಿದಿರುವ ಕಾರ್ಯದರ್ಶಿ ಈಶ್ವರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಶಿಕಾರಿಪುರದಿಂದಲೂ ಸೊರಬದಿಂದಲೂ ಬಂದಿರುವ ನಮ್ಮ ಸೈಕಲ್ ಬಳಗದ ಗೆಳೆಯರೇ, ಒಳಗಿನಿಂದ ಬರುತ್ತಿರುವ ಪಲಾವಿನ ವಾಸನೆಯನ್ನು ಸಹಿಸಿಕೊಂಡು ಕುಳಿತಿರುವ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಸ್ಮರಣಿಕೆ, ಹಣ್ಣಿನ ಬುಟ್ಟಿ ಕೊಟ್ಟಿರಿ. ಈ ವರ್ಷ ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ದೂರ ಸೈಕಲ್ ತುಳಿದವನು ಈ ಪೈಪು-ಮೋಟರ್ ಅಂಗಡಿಯ ಸಿದ್ಧಲಿಂಗೇಶ್ ಎಂದು ಹೊಗಳಿದಿರಿ. ಸಂತೋಷ. ಆದರೆ ನನಗೆ ಸಾಕಾಗಿದೆ. ಕಾಲಿಗಲ್ಲ, ಕಾಲು ಇನ್ನೂ ಗಟ್ಟಿಯಾಗಿದೆ. ಮನಸ್ಸಿಗೆ ಸಾಕಾಗಿದೆ. ಹ್ಯಾಂಡಲ್ಲಿಗೆ ಈ ಜಿಪಿಎಸ್ ಡಬ್ಬಿ ಕಟ್ಟಿಕೊಂಡ ದಿನದಿಂದ ನಾನು ರಸ್ತೆ ನೋಡಿದ್ದೇನೆಯೇ? ಗದ್ದೆ ನೋಡಿದ್ದೇನೆಯೇ? ಈಸೂರಿಗೆ ಎಷ್ಟು ಸಲ ಹೋಗಿ ಬಂದೆನೋ, ಅಲ್ಲಿ ಒಂದು ಲೋಟ ಚಹಾ ಕುಡಿದದ್ದು ನೆನಪಿಲ್ಲ. ನಿಂತರೆ ಸರಾಸರಿ ವೇಗ ಬಿದ್ದುಹೋಗುತ್ತದಲ್ಲ!

ಈಶ್ವರ್ ತಮ್ಮ ವರದಿಯಲ್ಲಿ ಒಂದು ಮಾತು ಹೇಳಿದರು. ಮೊದಲ ಸ್ಥಾನದಲ್ಲಿದ್ದವರು ಸೈಕಲ್ ಸವಾರಿಯೆಂದು ಮೋಟರ್ ಬೈಕಿನ ಸವಾರಿಯನ್ನು ಬಳಗದ ಆ್ಯಪಿಗೆ ಹಾಕಿ ಮೋಸ ಮಾಡಿದರು, ಆದ್ದರಿಂದ ಅವರ ಹೆಸರು ಕೈಬಿಟ್ಟಿದ್ದೇವೆ ಎಂದರು. ಹೆಸರು ಹೇಳಲಿಲ್ಲ, ದೊಡ್ಡತನ. ನಾನು ಹೇಳುತ್ತೇನೆ. ಸೊರಬದ ಪಂಚಾಕ್ಷರಪ್ಪ. ನಮ್ಮಕ್ಕನ ಗಂಡ, ನನ್ನ ಭಾವ. ನನ್ನನ್ನು ಈ ಬಳಗಕ್ಕೆ ಎಳೆದು ತಂದವರೇ ಅವರು. "ಒಂಟಿ ಎತ್ತು ಗಾಡಿ ಎಳೀತದೇನಾ ಸಿದ್ಲಿಂಗು? ಬಾ, ಜೊತೆಗೆ ತುಳಿಯಾಣ" ಎಂದಿದ್ದರು.

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಯಾಕೆ ಬಿಟ್ಟೆವು ಎಂಬುದು ಈ ಸಭೆಗೆ ಬೇಡದ ವಿಷಯ. ಆದರೂ ನೀವೇ ಹೇಳಿ. ಅಕ್ಕನ ಮಗಳು ಗಂಗಾಶ್ರೀಯ ಮದುವೆ. ನಾನು ಸ್ವಂತ ಸೋದರಮಾವ. ಮನೆಗೆ ಬಂದು, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕೋ ಬೇಡವೋ? ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬಂತು! ಕೆಳಗೆ ಎರಡು ಕೈ ಮುಗಿದ ಚಿತ್ರ. ನನ್ನ ಹೆಂಡತಿ ಲೋಕಮ್ಮ ಬೇಡಿಕೊಂಡಳು. "ಸೋದರಮಾವ ಇಲ್ದಿದ್ರೆ ಆ ಹುಡ್ಗಿ ಏನಂದ್ಕೊಂತಾಳ್ರೀ? ಸಿಟ್ಟು ಭಾವನ ಮ್ಯಾಲಿರ್ಲಿ, ಮಗೀನ ಮ್ಯಾಲೆ ಯಾಕೆ?" ಎಂದಳು. "ಫೋನಿನಾಗ ಕರದಾರ, ಫೋನೇ ಹೋಗ್ಲಿ" ಎಂದು ನಾನು ಅಂಗಡಿ ತೆಗೆದು ಕುಳಿತೆ. ಆವತ್ತು ಒಬ್ಬ ಗಿರಾಕಿಯೂ ಬರಲಿಲ್ಲ. ನಾನು ಮಾಡಿದ್ದು ಸರಿಯೇ. ಮರ್ಯಾದೆ ಎಂದರೆ ಮರ್ಯಾದೆ.

ಮಾತು ನಿಂತಿತು, ಆ್ಯಪು ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ನಕ್ಷೆಯ ಮೇಲೆ ಅವರ ಸವಾರಿಯ ಗೆರೆ ನನ್ನ ಫೋನಿಗೆ ಬರುತ್ತಿತ್ತು, ನನ್ನದು ಅವರಿಗೆ ಹೋಗುತ್ತಿತ್ತು. ಅವರು ನನಗೊಂದು ಮೆಚ್ಚುಗೆಯ ಹೆಬ್ಬೆರಳು ಒತ್ತುವರು, ನಾನು ಅವರಿಗೊಂದು ಒತ್ತುವೆ. ಅವರು ಆನವಟ್ಟಿಗೆ ಹೋದರೆ ನಾನು ಅದಕ್ಕಿಂತ ಒಂದು ಊರು ಮುಂದೆ ಹೋಗುವೆ. "ಮಾತಾಡಾಂಗಿಲ್ಲ ಅಂತೀರಿ, ಬೆಳಗಾದ್ರೆ ಅವ್ರನ್ನೇ ನೋಡ್ಕೊಂತ ಕೂರ್ತೀರಿ" ಎಂದು ಲೋಕಮ್ಮ ನಗುವಳು. ಸ್ಪರ್ಧೆ ಕಣೇ, ಹೋಲಿಸಿ ನೋಡಬೇಡವೇ ಎನ್ನುತ್ತಿದ್ದೆ. ಇತ್ತೀಚೆಗೆ ಅವರ ಗೆರೆ ಗಿಡ್ಡವಾಗುತ್ತ ಬಂತು. ಏರು ಬಂದಲ್ಲೆಲ್ಲ ನಡಿಗೆಯ ವೇಗ. ಮಂಡಿ ಹಿಡಿದಿದೆ ಎಂದು ನನಗೆ ಗೊತ್ತಾಯಿತು. ಹೆಬ್ಬೆರಳಿನಿಂದ ಮಂಡಿ ಹೇಗಿದೆ ಎಂದು ಕೇಳುವುದು ಹೇಗೆ?

ಈಗ ಆ ಮೋಸದ ದಿನಕ್ಕೆ ಬರುತ್ತೇನೆ. ಎರಡು ವಾರದ ಹಿಂದಿನ ಭಾನುವಾರ. ಲೋಕಮ್ಮ ತವರಿಗೆ ಹೋಗಿದ್ದಳು. ವರ್ಷದ ಲೆಕ್ಕದಲ್ಲಿ ಇನ್ನೂ ಮುಂದಿದ್ದ ಭಾವನನ್ನು ಹಿಂದೆ ಹಾಕಲು ಇದೇ ಸಮಯವೆಂದು ನಾನು ಮನೆಗೆ ಬೀಗ ಹಾಕಿ ಆನವಟ್ಟಿಯ ಕಡೆ ಹೊರಟೆ. ಶಿರಾಳಕೊಪ್ಪದ ರಸ್ತೆಯಲ್ಲಿ ಎದುರಿಗೆ ಸೊರಬದ ಬಸ್ಸು ಬಂತು. ಅದರ ಮೇಲೆ ಒಂದು ಸೈಕಲ್ ಕಟ್ಟಿದ್ದರು. ಪಾಪ, ಯಾರೋ ಸೋತವನು ಎಂದು ನಕ್ಕು ಇನ್ನೂ ಜೋರಾಗಿ ತುಳಿದೆ. ಸಂಜೆ ಮನೆಗೆ ಬಂದಾಗ ಹೊಸ್ತಿಲ ಮೇಲೆ ಅರಿಶಿನದ ಅಕ್ಷತೆ ಬಿದ್ದಿತ್ತು. ಪಕ್ಕದ ಮನೆಯವರ ಪೂಜೆಯದಿರಬೇಕೆಂದು ಅದರ ಮೇಲೆಯೇ ಸೈಕಲ್ ಒಳಗೆ ತಂದೆ. ರಾತ್ರಿ ಫೋನಿನಲ್ಲಿ ಭಾವನ ವೇಗ ಕಂಡು ಮೈ ಉರಿಯಿತು. ಗೆರೆ ನೋಡಲೇ ಇಲ್ಲ, ವೇಗವನ್ನಷ್ಟೇ ನೋಡಿದೆ. ಆವತ್ತು ಹೆಬ್ಬೆರಳು ಒತ್ತಲಿಲ್ಲ. ಆಮೇಲೆ ಅವರಿಂದ ಒಂದು ಸವಾರಿಯೂ ಬಂದಿಲ್ಲ.

ನಿನ್ನೆ ಈಶ್ವರ್ ಆ ನಕ್ಷೆಯನ್ನು ಸಾಕ್ಷಿಯೆಂದು ನನಗೆ ಕಳಿಸಿದರು. ಆಗ ಕಣ್ಣಿಟ್ಟು ನೋಡಿದೆ. ಸೊರಬ ಬಿಟ್ಟು ಸ್ವಲ್ಪ ದೂರ ತುಳಿದಿದ್ದಾರೆ. ಒಂದು ಏರಿನಲ್ಲಿ ನಿಂತುಬಿಟ್ಟಿದ್ದಾರೆ. ಅಲ್ಲಿಂದ ಗೆರೆ ಓಡಿದೆ, ಆದರೆ ಊರೂರಿಗೆ ನಿಂತು ನಿಂತು ಓಡಿದೆ. ಈಶ್ವರ್ ಅವರೇ, ಮೋಸ ಮಾಡುವವನು ಒಂದು ಸ್ಟಾಪೂ ಬಿಡದೆ ನಿಲ್ಲುತ್ತಾನೆಯೇ? ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತಾನೆಯೇ? ಅದು ಬಸ್ಸು. ಮಂಡಿ ಕೈಕೊಟ್ಟಿದೆ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿದ್ದಾರೆ, ಡಬ್ಬಿಯ ಗುಂಡಿ ಒತ್ತಿ ನಿಲ್ಲಿಸಲು ಮರೆತಿದ್ದಾರೆ. ಅರವತ್ತು ದಾಟಿದವರ ಮೋಸ ಇಷ್ಟೇ.

ಗೆರೆ ಅಲ್ಲಿಗೂ ಮುಗಿದಿಲ್ಲ, ಸಭಿಕರೇ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕುಂಟುವ ನಡಿಗೆಯಲ್ಲಿ ನಮ್ಮ ಬೀದಿಗೆ ತಿರುಗಿದೆ. ನನ್ನ ಮನೆಯ ಮುಂದೆ ನಿಂತಿದೆ. ಬಹಳ ಹೊತ್ತು ನಿಂತಿದೆ. ಬೀಗ ನೋಡಿಕೊಂಡು ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಆಮೇಲೆ ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ವಾಪಸ್ಸು ಹೋಗಿದೆ. ಮನೆಯಲ್ಲಿರಬೇಕಾದವನು ಆನವಟ್ಟಿಯಲ್ಲಿ ಕಿಲೋಮೀಟರು ಕೂಡಿಸುತ್ತಿದ್ದ.

ನಾಳೆ ಗಂಗಾಶ್ರೀಯ ಮಗುವಿಗೆ ಸೊರಬದಲ್ಲಿ ತೊಟ್ಟಿಲು. ತವರಿನಿಂದ ಸುದ್ದಿ ತಂದ ಲೋಕಮ್ಮ, "ನಮ್ಮನ್ನ ಕರಿಯಾಕೆ ಯಾರೂ ಬರ್ಲಿಲ್ಲಲ್ರೀ" ಎಂದು ಕಣ್ಣೀರು ಹಾಕಿದ್ದಳು. ಈ ಸಲವೂ ಫೋನಿನಲ್ಲೇ ಕರೆಯುತ್ತಾರೆ ಬಿಡು ಎಂದು ನಾನು ಅಣಕಿಸಿದ್ದೆ. ನಿನ್ನೆ ನಕ್ಷೆ ತೋರಿಸಿದೆ. ಅವಳು ಎದ್ದು ಹೋಗಿ ಹೊಸ್ತಿಲು ತಡವಿ ನೋಡಿದಳು. ಸಂದಿಯಲ್ಲಿ ಅಕ್ಷತೆಯ ಎರಡು ಕಾಳು ಇನ್ನೂ ಇದ್ದವು.

ಅಧ್ಯಕ್ಷರೇ, ಈ ಸ್ಮರಣಿಕೆಯನ್ನು ಇಲ್ಲೇ ಮೇಜಿನ ಮೇಲೆ ಇಡುತ್ತಿದ್ದೇನೆ. ಪಂಚಾಕ್ಷರಪ್ಪನವರ ಹೆಸರು ಹಾಕಿಸಿ, ಸೊರಬದ ಅವರ ಮನೆಗೆ ಹೋಗಿ ಕೊಡಿ. ಫೋನಿನಲ್ಲಿ ಮಾತ್ರ ತಿಳಿಸಬೇಡಿ, ಅದರ ಫಲ ಏನೆಂದು ನಾನು ಬಲ್ಲೆ. ಹಣ್ಣಿನ ಬುಟ್ಟಿಯನ್ನು ಹಿಂದಿರುಗಿಸುವುದಿಲ್ಲ. ತೊಟ್ಟಿಲ ಮನೆಗೆ ಬರಿಗೈಯಲ್ಲಿ ಹೋಗಬಾರದು.

ಊಟಕ್ಕೆ ನಿಲ್ಲಲಾರೆ, ಕ್ಷಮಿಸಿ. ಲೋಕಮ್ಮ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕಾಯುತ್ತಿದ್ದಾಳೆ, ಸೊರಬದ ಬಸ್ಸಿಗೆ ಹೊತ್ತಾಯಿತು. ಸೈಕಲ್ ತರುವುದಿಲ್ಲ, ಡಬ್ಬಿಯನ್ನೂ ತರುವುದಿಲ್ಲ. ಕರೆಯದೆ ಬಂದೆಯಾ ಎಂದು ಅಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಭಾವ ಬಾಗಿಲವರೆಗೆ ಬಂದು ಕರೆದಿದ್ದಾರೆ. ನಾನೇ ಮನೆಯಲ್ಲಿರಲಿಲ್ಲ.

ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ನಕ್ಷೆ ಕಳಿಸಿ ಕಣ್ಣು ತೆರೆಸಿದ ಈಶ್ವರ್ ಅವರಿಗೂ ನನ್ನ ವಂದನೆಗಳು. ಬರುತ್ತೇನೆ, ನಮಸ್ಕಾರ.