ಗೇರ್‌ಬಾಕ್ಸ್ ಜಗಳಕ್ಕೆ ಒಂದೇ ವ್ಯಾನು

ಮಲೇಷ್ಯಾದ ಇಪೋ ಊರಿನ ಗ್ರಾಹಕ ನ್ಯಾಯಮಂಡಳಿಯಲ್ಲಿ ಒಂದೇ ಡೈಲಾಗ್ ಹೊಡೆದು ಕೇಸು ಮುಗಿಸಿದವನು ನಾನು, ತಿಳ್ಕೊಳ್ಳಿ! ಬಾಗಿಲ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ನಾಸಿ ಲೆಮಾಕ್ ಅನ್ನೋ ತೆಂಗಿನಹಾಲಿನ ಅನ್ನ ಮಾರುವ ರೊಸ್ನಾನಿ ಅಕ್ಕ, ಅವರು ಯಾರ ಮೇಲೆ ಕೇಸು ಹಾಕಿದ್ದರೋ ಆ ಮೆಕ್ಯಾನಿಕ್ ಕೋಕ್ ಲಿಯೋಂಗ್ ಇಬ್ಬರೂ ಕೂತಿದ್ದರು. ಮೊದಲು ಅಕ್ಕನೇ ಶುರು ಮಾಡಿದರು.

"ನನ್ನನ್ನ ಕೇಳದೆ ನನ್ನ ಕಾರಿನ ಗೇರ್‌ಬಾಕ್ಸ್ ಯಾಕೋ ಬಿಚ್ಚಿದೆ?"

"ಬಿಚ್ಚದಿದ್ರೆ ನಡುರಸ್ತೆಲಿ ನಿಂತೋಗ್ತಿತ್ತು, ಅಕ್ಕ."

"ಫೋನ್ ಮಾಡೋಕೆ ಬೆರಳು ಸವೀತಿತ್ತಾ? ಕಾರಿಲ್ಲದೆ ನನ್ನ ವ್ಯಾಪಾರ ಮಣ್ಣಾಯ್ತು."

"ತಪ್ಪಾಯ್ತು. ನಾಳೆನೇ ಜೋಡಿಸಿ ಕೊಡ್ತೀನಿ."

"ಅದನ್ನೇ ಒಳಗೆ ಹೇಳು. ಮೊದಲು ಈ ಅನ್ನದ ಪೊಟ್ಟಣ ತಿನ್ನು, ಖಾಲಿ ಹೊಟ್ಟೇಲಿ ಸುಳ್ಳು ಹೇಳ್ತೀಯ."

"ವಾಪಸ್ ಹೆಂಗೆ ಹೋಗ್ತೀಯ, ಅಕ್ಕ?"

"ನಿನ್ನ ವ್ಯಾನಲ್ಲೇ. ಬೆಳಿಗ್ಗೆ ಕರ್ಕೊಂಡು ಬಂದಿದ್ದು ಯಾರು, ನಿಮ್ಮಪ್ಪನಾ?"

ಒಳಗಿಂದ ಅವರಿಬ್ಬರ ಹೆಸರು ಕೂಗಿದರು. ಇಬ್ಬರೂ ಒಟ್ಟಿಗೆ ಒಳಗೆ ಹೋದರು.

ನನ್ನ ಡೈಲಾಗಾ? ನಿಜ ಹೇಳ್ತೀನಿ: ಅಕ್ಕ ನನಗೂ ಒಂದು ಪೊಟ್ಟಣ ಕೊಟ್ಟಿದ್ದರು. ಅಷ್ಟು ಹೊತ್ತೂ ನನ್ನ ಬಾಯಿ ತುಂಬ ಅನ್ನವೇ ಇತ್ತು.