ಹಾಸ್ಟೆಲ್ ಇದ್ದ ವಿಷಯ

ಆಷಾಢದ ಬೆಳಿಗ್ಗೆ, ಹತ್ತು ಗಂಟೆಯ ಹೊತ್ತು. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಬೇಡಕಿಹಾಳದ ತಾಯಿ ಮಗಳು ನನ್ನ ಪಕ್ಕ ಬಂದು ಕೂತರು. ಮಗಳನ್ನು ಯೂನಿವರ್ಸಿಟಿಗೆ ಸೇರಿಸಲು ಹೊರಟಿದ್ದರು.

“ಭಾಗ್ಯಾ, ಮತ್ತೊಮ್ಮೆ ಫೋನ್ ಹಚ್ಚಿ ಕೇಳ ನೋಡಬೇ.”

“ಈಗಷ್ಟ ಕೇಳೇನವ್ವಾ. ಕೆಮಿಸ್ಟ್ರಿ ತಗೊಂಡ್ರ ಮೊದಲನೇ ವರ್ಷ ಹಾಸ್ಟೆಲ್ ಇಲ್ಲಂತ. ಇತಿಹಾಸ ತಗೊಂಡ್ರ ಐತಂತ.”

“ಹಿಂಗೂ ಇರತೈತೇನ?”

“ಆ ಎರಡೂ ಕಲಿಸೂ ಕಾಲೇಜು ಬ್ಯಾರೆ ಬ್ಯಾರೆ ಕಡೆ ಅದಾವು. ನಾವು ನಾಕು ಹುಡುಗ್ಯಾರು ಕೂಡಿ ಬಾಡಿಗಿ ಖೋಲಿ ಹಿಡೀತೀವಂದ್ರ ಅಪ್ಪ ಒಪ್ಪವಲ್ಲ.”

“ಹೊರಗ ಇರೂದಾದ್ರ ಕಲಿಯೂದ ಬ್ಯಾಡ ಅಂದಾನ. ನಾ ಏನ ಮಾಡ್ಲಿ? ನನ್ನ ಮಾತು ಮನ್ಯಾಗ ಎಮ್ಮಿ ಸೈತ ಕೇಳೂದಿಲ್ಲ.”

ಮಗಳು ನಕ್ಕಳು.

“ಕೆಮಿಸ್ಟ್ರಿದಾಗ ನಿನಗ ಎಷ್ಟ ಬಿದ್ದಿದ್ದುವು?”

“ತೊಂಬತ್ತೆಂಟು.”

“ಇತಿಹಾಸದಾಗ?”

“ಪಿಯುಸಿಯೊಳಗ ನನಗ ಇತಿಹಾಸ ಇರಲೇ ಇಲ್ಲವ್ವಾ.”

“ಮತ್ತ ನಿಮ್ಮಪ್ಪಗ ಏನಂತ ಹೇಳ್ಲಿ?”

“ಹಾಸ್ಟೆಲ್ ಸಿಕ್ತು ಅಂತ ಹೇಳು.”

“ಏನ ಕಲ್ಯಾಕತ್ತಾಳ ಅಂದ್ರ?”

“ಅದನ್ನ ಅಂವ ಕೇಳಾಂಗಿಲ್ಲ.”

ಬೆಳಗಾವಿ ಬಸ್ಸು ಬಂತು. ತಾಯಿ ಓಡಿಹೋಗಿ, ಕಿಟಕಿಯೊಳಗೆ ಚೀಲ ಒಗೆದು ಮಗಳಿಗೆ ಜಾಗ ಹಿಡಿದಳು. ಇಬ್ಬರೂ ಹೋದರು.