ಟವೆಲ್ ಆನೆ ನಿಲ್ಲುತ್ತಿಲ್ಲ

"ಹಲೋ… ಯಾರು? ಯಾರು ಮಾತಾಡ್ತಿರೋದು? ಲಾಟರಿ ಹೊಡೆದಿದೆ ಅನ್ನೋದಾದ್ರೆ ಈಗ್ಲೇ ಇಟ್ಬಿಡಿ, ಅಂಗಡೀಲಿ ಗಿರಾಕಿ ಇದ್ದಾರೆ…"

ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಗಿರಾಕಿಗಳು ಎಳೆದಾಡಿ ಹೋಗಿದ್ದ ಅಂಗಿಗಳನ್ನು ಮಡಿಸುತ್ತಿದ್ದಳು. ಪರದೆಯ ಮೇಲೆ ಬಂದಿದ್ದ ನಂಬರು ರೈಲಿನಷ್ಟು ಉದ್ದವಿತ್ತು.

"ಅಯ್ಯೋ, ನೀವಾ! ಯಾಕ್ರೀ, ದನಿ ಬಾವಿಯೊಳಗಿಂದ ಬಂದ ಹಾಗಿದೆ?… ಹಾಂ? ಹಾಸಿಗೆ ಬಟ್ಟೆ ಇಡೋ ಕೋಣೇಲಿ ಕೂತಿದ್ದೀರಾ? ಬಾಗಿಲು ಹಾಕ್ಕೊಂಡು? ಯಾರಿಗೆ ಹೆದರಿ?"

ಗಂಡ ಪ್ರವಾಸಿ ಹಡಗು ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಮೊದಲು ಅವನು ಕೆಲಸಕ್ಕಿದ್ದ ಹೋಟೆಲು ಮುಚ್ಚಿದ ಮೇಲೆ ಅವಳ ತವರುಮನೆಯಲ್ಲೇ ಕೂತು ಕೂತು, ಮಾವನ, ಅಂದರೆ ಅವಳ ಅಪ್ಪನ, ಕಣ್ಣಿಗೆ ಬೀಳಬಾರದೆಂದು ಹಿತ್ತಿಲ ಬಾಗಿಲಿಂದ ಓಡಾಡುವ ಮಟ್ಟಕ್ಕೆ ಇಳಿದಿದ್ದ. ಈಗ ಹಡಗಿನಲ್ಲಿ ಅತಿಥಿಗಳ ಕೋಣೆ ಚೊಕ್ಕಟ ಮಾಡುವ ಕೆಲಸ. ಮದುವೆಯಾದಾಗಿನಿಂದ ತಾನು ಹೊದ್ದ ಹೊದಿಕೆಯನ್ನೇ ಮಡಿಸದ ಮಹಾನುಭಾವ ಊರವರ ಹಾಸಿಗೆ ಸರಿಪಡಿಸುತ್ತಿದ್ದಾನೆಂದು ನೆನೆದಾಗಲೆಲ್ಲ ಅವಳಿಗೆ ಒಳಗೊಳಗೇ ನಗು. ಪಕ್ಕದ ಖಾಲಿ ದಿಂಬು ಕಂಡಾಗ ಮಾತ್ರ ನಗು ಬರುತ್ತಿರಲಿಲ್ಲ.

"ಊಟ ಆಯ್ತಾ?… ನಿಂತ್ಕೊಂಡೇ? ಕೂತ್ಕೊಳ್ಳೋಕೆ ಪುರುಸೊತ್ತಿಲ್ವಾ?… ನಿದ್ದೆ?… ಮೇಲಿನ ಮಂಚದೋನು ಗೊರಕೆ ಹೊಡೀತಾನಾ? ಪಾಪ, ಈಗ ಗೊತ್ತಾಯ್ತಲ್ಲ ನನ್ನ ಕಷ್ಟ… ಕಿಟಕಿ? ಕಿಟಕಿನೇ ಇಲ್ವಾ? ಸಮುದ್ರ ನೋಡ್ತೀನಿ ಅಂತ ಕುಣ್ಕೊಂಡು ಹೋದೋರು ನೀವೇ ಅಲ್ವಾ? ಇಷ್ಟು ದಿನ ಸಮುದ್ರ ಎಲ್ಲಿ ನೋಡಿದ್ರಿ ಹಾಗಾದ್ರೆ?… ಅತಿಥಿಗಳ ಬಾತ್‌ರೂಮ್ ಉಜ್ಜುವಾಗ, ಅವರ ಕಿಟಕೀಲಿ. ಆಹಾ."

…

"ನಗ್ತಿಲ್ಲ ಕಣ್ರೀ… ಸರಿ, ನಕ್ಕೆ. ಈಗ ಹೇಳಿ, ಏನಾಯ್ತು?… ಆನೆನಾ? ಹಡಗಲ್ಲಿ ಆನೆ ಎಲ್ಲಿಂದ ಬಂತು?… ಟವೆಲ್ಲಲ್ಲಿ? ಟವೆಲ್ ಮಡಿಸಿ ಆನೆ ಮಾಡ್ಬೇಕಾ? ಯಾಕೆ?… ದಿನಾ ಸಾಯಂಕಾಲ ಹಾಸಿಗೆ ಮೇಲೆ ಒಂದು ಪ್ರಾಣಿ ಕೂರಿಸಿ ಬರ್ಬೇಕು. ಅತಿಥಿಗಳಿಗೆ ಖುಷಿ ಆಗತ್ತೆ. ಹಾಂ. ಮೈ ಒರೆಸ್ಕೊಳ್ಳೋಕೆ ಏನು ಮಾಡ್ತಾರೆ, ಆನೇನ ಬಿಚ್ಚೋದಾ?"

ಕಾಲುಚೀಲ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬರು ಆನೆಯ ಹೆಸರು ಕೇಳಿ ಕಿವಿ ನಿಮಿರಿಸಿದರು. ಅವಳು ಅವರತ್ತ ಕಾಲುಚೀಲದ ಡಬ್ಬ ತಳ್ಳಿದಳು.

"ನೀವೂ ಮಾಡಿದ್ರಿ. ಆಮೇಲೆ?… ಆ ಕೋಣೆಯ ಅಜ್ಜಿ ಕಿರುಚಿದ್ರಾ? ಯಾಕೆ?… ಮಂದ ಬೆಳಕಲ್ಲಿ ಯಾರೋ ಮುದುರ್ಕೊಂಡು ಮಲಗಿದಾರೆ ಅಂದ್ಕೊಂಡ್ರಾ? ಅಯ್ಯಯ್ಯೋ! ಕಾವಲಿನೋರೂ ಓಡಿ ಬಂದ್ರಾ?… ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರು ಅನ್ನೋದು ಇದಕ್ಕೇ ಕಣ್ರೀ!"

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಅತ್ತಲಿಂದ ಬಂದ ಮುಂದಿನ ಮಾತಿಗೆ ಸೆರಗು ತಾನಾಗಿಯೇ ಕೆಳಗಿಳಿಯಿತು.

"ಏನಂದ್ರಿ?… ಇವತ್ತೇ? ಮೇಲ್ವಿಚಾರಕಿ ಆ ಕೋಣೆಗೇ ಬರ್ತಾರಾ? ಅವರೆದುರು ಮಾಡಿ ತೋರಿಸ್ಬೇಕಾ?… ಮಾಡದಿದ್ರೆ?… ಮುಂದಿನ ಬಂದರಲ್ಲಿ ಇಳಿಸಿ ಮನೆಗೆ ಕಳಿಸ್ತಾರಾ? ಒಂದು ಆನೆಗೋಸ್ಕರ?"

…

"ನನಗೆ ಗೊತ್ತಾ ಅಂದ್ರೆ… ಆನೆ ಯಾವತ್ತೂ ಮಡಿಸಿಲ್ಲಪ್ಪ. ಅಂಗಿ ಮಡಿಸ್ತೀನಿ, ಪ್ಯಾಂಟು ಮಡಿಸ್ತೀನಿ…"

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. 'ನನಗೂ ಬರಲ್ಲ' ಅಂದುಬಿಟ್ಟರೆ ವಾರದೊಳಗೆ ಗಂಡ ಮನೆಯಲ್ಲಿ. ಅವನು ಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ನಾಲಿಗೆಯ ತುದಿಗೆ ಬಂದಿದ್ದನ್ನು ಅವಳು ಅರ್ಧ ಹೇಳಿಯೂ ಹೇಳಿದಳು.

"ಬಿಡಿ, ಹೋಗ್ಲಿ, ಬಂದ್ಬಿಡಿ ಮನೆಗೆ… ಹಾಂ? ಅಪ್ಪನಿಗೆ ಏನು ಹೇಳ್ಬೇಕು?… ಹಡಗು ಕೆಟ್ಟೋಯ್ತು ಅಂತನಾ? ಅಷ್ಟು ದೊಡ್ಡ ಹಡಗು ಕೆಟ್ಟು, ನಿಮ್ಮೊಬ್ಬರನ್ನೇ ಇಳಿಸ್ಬಿಟ್ರು ಅಂತ?… ನಡುಗಬೇಡಿ. ದನಿ ನಡುಗ್ತಿದೆ."

ಹಿತ್ತಿಲ ಬಾಗಿಲು ಅವಳ ಕಣ್ಣಿಗೆ ಕಟ್ಟಿತು. ಅಪ್ಪ ಕೆಮ್ಮಿದರೆ ಸಾಕು, ಚಪ್ಪಲಿ ಕೈಲಿ ಹಿಡಿದು ಹೊರಗೆ ಜಾರುತ್ತಿದ್ದ ಗಂಡ. ಅವಳು ಕಪಾಟಿನಿಂದ ಒಂದು ದೊಡ್ಡ ಟವೆಲ್ಲನ್ನೂ ಒಂದು ಚಿಕ್ಕದನ್ನೂ ಎಳೆದು ಕೌಂಟರಿನ ಮೇಲೆ ಹಾಸಿದಳು.

"ಕೇಳಿ ಇಲ್ಲಿ. ಕಲಿಸಿಕೊಟ್ಟೋರು ಹೇಗೆ ಮಾಡಿದ್ರು, ನೆನಪಿದ್ದಷ್ಟು ಹೇಳಿ… ದೊಡ್ಡದರಲ್ಲಿ ಮೈ, ಚಿಕ್ಕದರಲ್ಲಿ ತಲೆ. ಹಾಂ… ಎರಡೂ ತುದಿ ನಡುವಿಗೆ ತಂದು ಮಡಿಸೋದು. ಆಮೇಲೆ?… ಎರಡೂ ಪಕ್ಕದಿಂದ ಒಳಗೆ ಸುತ್ತೋದು. ಸುತ್ತಿದೆ. ಈಗ?… ಅರ್ಧಕ್ಕೆ ಬಗ್ಗಿಸಿ ನಿಲ್ಲಿಸೋದು. ನಾಲ್ಕು ಕಾಲು ಬಂತಲ್ರೀ! ನನ್ನದು ನಿಂತಿದೆ. ನಿಮ್ಮದು?… ಮಲಗ್ತಾ?"

…

"ಹಡಗು ಅಲ್ಲಾಡತ್ತೆ ಅಂತೀರಾ? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ… ಸರಿ ಮಾರಾಯ್ರೇ, ನಿಮ್ಮ ನೆಲ ನಿಜವಾಗ್ಲೂ ಡೊಂಕು, ಒಪ್ಪಿದೆ. ಸುತ್ತಿದ್ದು ಬಿಗಿಯಾಗಿದೆಯಾ? ಬೆರಳು ಹಾಕಿ ನೋಡಿ… ಸಲೀಸಾಗಿ ಹೋಗತ್ತಾ? ಅದೇ ಮತ್ತೆ! ಹಾಸಿಗೆ ಸುತ್ತೋ ಹಾಗೆ ಸುತ್ತಿದ್ದೀರಿ. ಮಂಡಿ ಊರಿ ಒತ್ತಿ ಸುತ್ತಿ… ನಾಚಿಕೆ ಯಾಕೆ, ಅಲ್ಲಿ ಯಾರಿದ್ದಾರೆ?… ಸಾರ್, ಸ್ವಲ್ಪ ಈ ಕಾಲು ಹಿಡ್ಕೊಳ್ಳಿ. ನಿಮಗಲ್ಲ ಕಣ್ರೀ, ಗಿರಾಕಿಗೆ ಹೇಳಿದ್ದು. ಆನೆ ಕಾಲು!"

ಗಿರಾಕಿ ಕಾಲುಚೀಲ ಮರೆತು ಭಕ್ತಿಯಿಂದ ಆನೆಯ ಕಾಲು ಹಿಡಿದು ನಿಂತರು.

"ಈಗ ತಲೆ. ಅದನ್ನ ಹೇಗೆ ಮಾಡಿದ್ರು?… ಚಿಕ್ಕ ಟವೆಲ್ಲಿನ ಎರಡು ಮೂಲೆ ಓರೆಯಾಗಿ ಸುತ್ತಿ, ಒಂದೇ ತುದಿಗೆ ಬರೋ ಹಾಗೆ. ಅದೇ ಸೊಂಡಿಲು. ತುದಿ ಮೇಲಕ್ಕೆ ಮಡಚಿ… ಇಲಿ ಬಾಲ ಆಯ್ತಾ? ಇನ್ನೂ ಬಿಗಿ. ಹಿಂದೆ ಉಳಿದ ಅಗಲ ಕಿವಿಗೆ, ಎಳೆದು ಬಿಡಿ… ಬಂತಾ?… ಏನು, ಬಂತಾ?"

…

"ಹೆಜ್ಜೆ ಸಪ್ಪಳನಾ? ಅವರೇ ಬಂದ್ರಾ? ಎಲ್ಲಾ ಬಿಚ್ಚಿಡಿ, ಮೊದಲಿಂದ ಮಾಡಿ. ಫೋನ್ ಇಡ್ಬೇಡಿ! ಜೇಬಲ್ಲಿ ಹಾಕ್ಕೊಳ್ಳಿ. ಮುಖದಲ್ಲಿ ನಗು ಇರ್ಲಿ. ಅಲ್ಲಿ ನಗೋದೂ ಕೆಲಸ ಅಂತ ನೀವೇ ಅಂದಿದ್ರಲ್ಲ…"

ಕಿವಿಗೆ ಬಟ್ಟೆಯ ಸರಸರ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವಳು ಉಸಿರು ಬಿಗಿಹಿಡಿದಳು. ಗಿರಾಕಿಯೂ ಬಿಗಿಹಿಡಿದರು.

"ಮಂಡಿ… ಮಂಡಿ ಊರಿ…" ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಅವಳು ಪಿಸುಗುಟ್ಟಿದಳು. "ಬಿಗಿ… ಇನ್ನೂ ಬಿಗಿ…"

…

"ಯಾರೋ ನಕ್ರು. ಸಾರ್, ಯಾರೋ ನಗ್ತಿದ್ದಾರೆ. ಒಳ್ಳೇ ನಗೂನೋ ಕೆಟ್ಟ ನಗೂನೋ ಗೊತ್ತಾಗ್ತಿಲ್ಲ…"

…

"ಹಲೋ? ಹಾಂ, ಇದ್ದೀನಿ, ಹೇಳಿ!… ನಿಂತ್ಕೊಳ್ತಾ?… ಏನಂದ್ರು?… ಅವರೇ ಹೇಳಿದ್ರಾ, ಇರು ಅಂತ? ಒಪ್ಪಂದದ ಪೂರ್ತಿ ಅವಧಿ?… ನಿಂತಿತು ಸಾರ್, ಆನೆ ನಿಂತಿತು!"

ಗಿರಾಕಿ ಚಪ್ಪಾಳೆ ತಟ್ಟಿದರು. ಅವಳೂ ನಕ್ಕಳು. ನಗುತ್ತಿರುವಾಗಲೇ ಆ 'ಪೂರ್ತಿ ಅವಧಿ' ಅನ್ನುವ ಮಾತು ತಡವಾಗಿ ಬಂದು ಎದೆಗೆ ನಾಟಿತು. ಇನ್ನು ಅವನು ಬರಲು ಮಳೆಗಾಲ ಕಳೆದು, ಚಳಿಗಾಲವೂ ಕಳೆಯಬೇಕು.

"ಹಾಂ… ಖುಷಿನೇ… ಅಪ್ಪನಿಗೆ ನಾನೇ ಹೇಳ್ತೀನಿ, ಅಳಿಯ ಆನೆ ನಿಲ್ಲಿಸಿದ್ರು ಅಂತ… ಇಲ್ಲ, ಏನೂ ಆಗಿಲ್ಲ… ಹೌದು, ಅಳ್ತಿದ್ದೀನಿ, ಏನೀಗ? ಬರೋ ಗಂಡನ್ನ ಬರದ ಹಾಗೆ ಮಾಡಿದೋಳು ನಾನೇ ಅಲ್ವಾ? ನನ್ನ ಕೈಯಾರೆ?…"

…

"ಏನು? ಕೇಳಿಸ್ತಿಲ್ಲ, ಬಿಟ್ಟು ಬಿಟ್ಟು ಬರ್ತಿದೆ… ನಾಳೆ? ನಾಳೆ ಏನು ಮಾಡ್ಬೇಕು?… ಕೋತಿನಾ? ತೂಗು ಹಾಕೋ ಕೋತಿನಾ?… ಮಾಡೋಣ, ನಾಳೆ ಇದೇ ಹೊತ್ತಿಗೆ ಫೋನ್ ಮಾಡಿ, ಟವೆಲ್ ತೆಗೆದಿಟ್ಟಿರ್ತೀನಿ. ದಿನಾ ಮಾಡಿ. ಯಾವ ಪ್ರಾಣಿ ಬೇಕಾದ್ರೂ ಕೇಳಿ, ನಾನು… ಹಲೋ?… ರೀ, ಕೇಳಿಸ್ತಾ? ದಿನಾ ಅಂದೆ… ಹಲೋ?… ಹಲೋ?…"